ಬ್ಲೀಡ್: ಕತ್ತರಿಸಿ ಬಿಸಾಡಲೆಂದೇ ಅಚ್ಚು ಹಾಕುವ ಅಂಚು

"ಬ್ಲೀಡ್ ಬಿಟ್ಟೀರೇನ್ರಿ ಸರ?" ಪೆನ್ ಡ್ರೈವ್ ಹಿಡಿದು ಪ್ರೆಸ್‌ಗೆ ಹೋದವರಿಗೆ ಈ ಪ್ರಶ್ನೆ ಹೊಸದೇನಲ್ಲ. ತುಂಬಾ ಜನ ಸುಮ್ನೆ ತಲೆಯಾಡಿಸಿ ಬರುತ್ತಾರೆ. ಕಾರ್ಡು ಕೈಗೆ ಬಂದಾಗ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಆಗ ಬೈಸಿಕೊಳ್ಳುವವನು ಪ್ರೆಸ್‌ನವನು. ಆದರೆ ತಪ್ಪು ಬಹಳ ಸಲ ಫೈಲಿನಲ್ಲೇ ಇರುತ್ತದೆ.

ಕಾಗದ ಎಲ್ಲಿ ಕತ್ತರಿಸಬೇಕೋ ಆ ಗೆರೆಯನ್ನು ದಾಟಿ ಹೊರಗೂ ಹರಡಿದ ಬಣ್ಣ ಅಥವಾ ಚಿತ್ರವೇ ಬ್ಲೀಡ್. ಸಾಮಾನ್ಯವಾಗಿ ಪ್ರತಿ ಬದಿಗೆ 3 ಮಿಲಿಮೀಟರ್. ಕತ್ತರಿಸಿದ ಮೇಲೆ ಅದು ಕಸದ ಬುಟ್ಟಿಗೆ ಹೋಗುತ್ತದೆ.

ಹಾಗಾದರೆ ಅದನ್ನು ಅಚ್ಚು ಹಾಕುವುದು ಯಾಕೆ? ಕಟಿಂಗ್ ಮಷಿನ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ. ಅಲ್ಲಿ ಒಂದೊಂದೇ ಹಾಳೆ ಕತ್ತರಿಸುವುದಿಲ್ಲ. ನೂರಾರು ಹಾಳೆಗಳನ್ನು ಜೋಡಿಸಿ, ಮೇಲಿನಿಂದ ಒತ್ತಿ ಹಿಡಿದು, ಒಂದೇ ಏಟಿಗೆ ಬ್ಲೇಡು ಇಳಿಸುತ್ತಾರೆ. ಬ್ಲೇಡು ಇಳಿಯುವಾಗ ಹಾಳೆಗಳನ್ನು ಕೊಂಚ ಎಳೆಯುತ್ತದೆ. ಹಾಗಾಗಿ ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಅಳತೆಯಲ್ಲಿ ಚೂರು ಫರಕು ಬರುತ್ತದೆ. ಅಚ್ಚಾಗುವಾಗಲೂ ಪ್ರತಿ ಹಾಳೆ ಅದೇ ಜಾಗದಲ್ಲಿ ಕೂರುವುದಿಲ್ಲ. ಜೊತೆಗೆ ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇದೆಲ್ಲ ಸೇರಿ ಬ್ಲೇಡು ಅರ್ಧವೋ ಒಂದೋ ಮಿಲಿಮೀಟರ್ ಅತ್ತಿತ್ತ ಬೀಳುತ್ತದೆ. ಎಷ್ಟೇ ಪಳಗಿದ ಕೈಯಾದರೂ ಇದು ತಪ್ಪದು. ಬಣ್ಣ ಗೆರೆಗೇ ನಿಂತಿದ್ದರೆ ಅಷ್ಟು ಸಾಕು, ಬಿಳಿ ಇಣುಕುತ್ತದೆ. ಗೆರೆಯಾಚೆಗೂ ಬಣ್ಣ ಇದ್ದರೆ ಬ್ಲೇಡು ಎಲ್ಲಿ ಬಿದ್ದರೂ ಬಣ್ಣದ ಮೇಲೇ ಬೀಳುತ್ತದೆ.

ಬೀದರ್‌ನ ಬಿದ್ರಿ ಅಂಗಡಿಗೆ ಒಂದು ಕ್ಯಾಟಲಾಗ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಸತು, ತಾಮ್ರದ ಮಿಶ್ರಲೋಹ ಕೋಟೆಯ ಮಣ್ಣಿನಿಂದ ಕಪ್ಪಾಗಿ, ಬೆಳ್ಳಿಯ ಬಳ್ಳಿ ಮಾತ್ರ ಹೊಳೆಯುವ ಹೂಜಿ, ತಟ್ಟೆ. ಪುಟವೂ ಪೂರ್ತಿ ಕಪ್ಪೇ ಇರಲಿ ಅನ್ನಿಸುವುದು ಸಹಜ. ಬ್ಲೀಡ್ ಇಲ್ಲದ ಫೈಲಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ, ಯಾಕಂದರೆ ಬಿಳಿ ಗೆರೆ ಕಪ್ಪಿನ ಪಕ್ಕ ಎದ್ದು ಕಾಣುವಷ್ಟು ಇನ್ನೆಲ್ಲೂ ಕಾಣದು. ಕ್ಯಾಟಲಾಗ್ ಎ5 ಸೈಜಿನದಾದರೆ ಅಳತೆ 148 × 210 ಮಿಲಿಮೀಟರ್. ಬ್ಲೀಡ್ ಸೇರಿದರೆ 154 × 216. ಫೋಟೋಶಾಪ್‌ನಲ್ಲಿ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕಕ್ಕೆ, ಅದು ಸುಮಾರು 1819 × 2551 ಪಿಕ್ಸೆಲ್. ಅಲ್ಲಿ ಹೊಸ ಫೈಲು ಮಾಡುವಾಗ ಬ್ಲೀಡ್‌ಗೆ ಬೇರೆ ಸೆಟ್ಟಿಂಗ್ ಇಲ್ಲ. ಕ್ಯಾನ್ವಾಸನ್ನೇ ದೊಡ್ಡದಾಗಿ ತೆಗೆದುಕೊಂಡು, ಕತ್ತರಿಸುವ ಜಾಗಕ್ಕೆ ಗೈಡ್ (ಅಚ್ಚಾಗದ ಗುರುತಿನ ಗೆರೆ) ಎಳೆಯಬೇಕು.

ಇಲ್ಲಿ ಬಿದ್ರಿ ಬಳ್ಳಿಯ ಬಾರ್ಡರ್ ಹಾಕುವ ಆಸೆ ಬರುತ್ತದೆ. ಅಂಚಿನಿಂದ ಎರಡು ಮಿಲಿಮೀಟರ್ ಒಳಗೆ, ತೆಳ್ಳಗೆ, ಸುತ್ತಲೂ. ಬೇಡ ಅನ್ನುತ್ತೇನೆ. ಕಟಿಂಗ್ ಒಂದು ಮಿಲಿಮೀಟರ್ ಸರಿದರೆ ಎಡಕ್ಕೆ ಮೂರು, ಬಲಕ್ಕೆ ಒಂದು ಉಳಿಯುತ್ತದೆ. ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ, ಬ್ಲೀಡ್ ಇದ್ದರೂ ಉಳಿಸಲಾರದು. ಮದುವೆ ಕಾರ್ಡುಗಳಲ್ಲಿ ಈ ಎಡವಟ್ಟು ಎಷ್ಟೊಂದು ನೋಡುತ್ತೇವೆ, ಅಲ್ವಾ? ಬಾರ್ಡರನ್ನು ಏಳೆಂಟು ಮಿಲಿಮೀಟರ್ ಒಳಗೆ ತನ್ನಿ.

ಅಂದರೆ ಗೆರೆಯ ಹೊರಗೆ ಬ್ಲೀಡ್ ಬೇಕಾದ ಹಾಗೇ ಒಳಗೂ ಒಂದಿಷ್ಟು ಜಾಗ ಖಾಲಿ ಬಿಡಬೇಕು. ಅದಕ್ಕೆ ಸೇಫ್ ಮಾರ್ಜಿನ್ ಅನ್ನುತ್ತಾರೆ. ಫೋನ್ ನಂಬರು, ಲೋಗೋ, ಪುಟಸಂಖ್ಯೆ ಅಂಚಿನಿಂದ ಕನಿಷ್ಠ 5 ಮಿಲಿಮೀಟರ್ ಒಳಗಿರಲಿ. ಸೆಂಟರ್ ಪಿನ್ನಿಂಗ್ ಮಾಡುವ, ಅಂದರೆ ನಡುಮಡಿಕೆಗೆ ಪಿನ್ ಹೊಡೆಯುವ ಪುಸ್ತಕವಾದರೆ ಇನ್ನೂ ಜಾಸ್ತಿ ಬಿಡಿ. ಹಾಳೆ ಮಡಚಿ ಒಂದರೊಳಗೊಂದು ಇಟ್ಟಾಗ ನಡುವಿನ ಪುಟಗಳು ಹೊರಗೆ ಚಾಚುತ್ತವೆ. ಮಡಚಿದ ಮೇಲೆ ಅಂಚು ಸವರುವುದರಿಂದ ಅವೇ ಪುಟಗಳು ಹೆಚ್ಚು ಕಳೆದುಕೊಳ್ಳುತ್ತವೆ.

ಬ್ಲೀಡ್ ಕೊನೆಗೆ ನೆನಪಾಗುವುದೇ ದೊಡ್ಡ ತೊಂದರೆ. ಫೋಟೋ ಅಂಚಿಗೆ ಸರಿಯಾಗಿ ಮುಗಿದಿದ್ದರೆ ಆಮೇಲೆ 3 ಮಿಲಿಮೀಟರ್ ಎಲ್ಲಿಂದ ತರುವುದು? ಇಡೀ ಪುಟವನ್ನು ಎಳೆದು ದೊಡ್ಡದು ಮಾಡಿದರೆ ಅಂಚಿನ ಅಕ್ಷರಗಳೂ ಹೊರಗೆ ಸರಿದು ಬ್ಲೇಡಿಗೆ ಸಿಗುತ್ತವೆ. ಫೋಟೋ ತೆಗೆಯುವಾಗಲೇ ಹೂಜಿಯ ಸುತ್ತ ಧಾರಾಳ ಜಾಗ ಬಿಟ್ಟರೆ ಈ ರಗಳೆ ಇಲ್ಲ.

ಇಷ್ಟು ಮಾಡಿಯೂ ಪಿಡಿಎಫ್ ತೆಗೆಯುವಾಗ ಕೆಡಬಹುದು. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಡಾಕ್ಯುಮೆಂಟ್‌ಗೆ ಬ್ಲೀಡ್ ಕೊಟ್ಟರೆ ಮುಗಿಯಲಿಲ್ಲ, ಎಕ್ಸ್‌ಪೋರ್ಟ್ ಮಾಡುವಾಗ ಅದನ್ನು ಬಳಸು ಎಂದು ಟಿಕ್ ಮಾಡಬೇಕು. ಕ್ಯಾನ್ವಾದಲ್ಲಿ ಪಿಡಿಎಫ್ ಪ್ರಿಂಟ್ ಆರಿಸಿ 'ಕ್ರಾಪ್ ಮಾರ್ಕ್ಸ್ ಆ್ಯಂಡ್ ಬ್ಲೀಡ್' ಟಿಕ್ ಮಾಡಬೇಕು. ಕ್ರಾಪ್ ಮಾರ್ಕ್ ಅಂದರೆ ಎಲ್ಲಿ ಕತ್ತರಿಸಬೇಕೆಂದು ಮೂಲೆಗಳಲ್ಲಿ ತೋರಿಸುವ ಸಣ್ಣ ಗೀಟು. ಬರೀ ಗೀಟು ಇದ್ದು ಆಚೆಗೆ ಬಣ್ಣ ಇಲ್ಲದ ಫೈಲಿನಿಂದ ಏನೂ ಪ್ರಯೋಜನವಿಲ್ಲ. ಕಳಿಸುವ ಮುಂಚೆ ಪಿಡಿಎಫ್ ತೆರೆದು ಕಣ್ಣಾರೆ ನೋಡಿ. ನುಡಿ ಫಾಂಟ್ ಬಳಸಿದ್ದರೆ ಅಕ್ಷರಗಳನ್ನು ಕರ್ವ್ ಮಾಡಿಡಿ, ಅಂದರೆ ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗುತ್ತವೆ.

ಎಲ್ಲ ಕೆಲಸಕ್ಕೂ ಬ್ಲೀಡ್ ಬೇಕೆಂದಿಲ್ಲ. ಬಿಳಿ ಕಾಗದದ ಲೆಟರ್‌ಹೆಡ್, ಬಿಲ್ ಪುಸ್ತಕ, ಸುತ್ತ ಖಾಲಿ ಬಿಟ್ಟ ಕರಪತ್ರಕ್ಕೆ ಬೇಡವೇ ಬೇಡ. ಅಂಚಿಗೆ ಏನಾದರೂ ತಾಗಿದಾಗ ಮಾತ್ರ ಬೇಕು. ದಪ್ಪ ರಟ್ಟಿನ ಪುಸ್ತಕದ ಮುಖಪುಟಕ್ಕೆ 3 ಮಿಲಿಮೀಟರ್ ಸಾಲದು. ಅಲ್ಲಿ ಕಾಗದ ರಟ್ಟಿನ ಮೇಲೆ ಹೊರಳಿ ಒಳಗೆ ಅಂಟಬೇಕು. ಎಷ್ಟು ಬಿಡಬೇಕೆಂದು ಬೈಂಡಿಂಗ್ ಮಾಡುವವರನ್ನೇ ಕೇಳಿ, ಆಮೇಲೆ ಪುಟದ ಸೈಜ್ ಇಡಿ.