ಹೊಸ ಒಲೆ ಕಾಯುತ್ತಿಲ್ಲ: ತಪ್ಪು ಕಟ್ಟಿಗೆಯದೋ, ತಗಡಿನದೋ?

ಹೋಟೆಲಿನಲ್ಲಿ ಕಾವಲಿಯ ನಡುವೆ ದೋಸೆ ಸೀಯುತ್ತದೆ, ಅಂಚಿನಲ್ಲಿ ಹಸಿ ಉಳಿಯುತ್ತದೆ. ಮನೆಯಲ್ಲಾದರೆ ಸ್ನಾನದ ನೀರು ಕಾಯುವಷ್ಟರಲ್ಲಿ ಅರ್ಧ ಹೊರೆ ಕಟ್ಟಿಗೆ ಖಾಲಿ. ದಾವಣಗೆರೆ, ಚಿತ್ರದುರ್ಗದ ಕಡೆ ಚಿಮಣಿ ಇರುವ ಕಬ್ಬಿಣದ ಒಲೆ ಹೊಸದಾಗಿ ತಂದವರು ಹೇಳುವ ದೂರು ಇಂಥದ್ದೇ. ಮಾಡಿಕೊಟ್ಟವರು ‘ಕಟ್ಟಿಗೆ ಹಸಿ’ ಅನ್ನುತ್ತಾರೆ, ಕೊಂಡವರು ‘ಒಲೆಯೇ ಸರಿಯಿಲ್ಲ’ ಅನ್ನುತ್ತಾರೆ. ಒಲೆಯೊಳಗೆ ಗಾಳಿ ಎಲ್ಲಿ ಹೊಕ್ಕು ಎಲ್ಲಿಂದ ಹೊರಡುತ್ತದೆ ಎಂದು ನೋಡದೆ ಈ ಜಗಳ ತೀರುವುದಿಲ್ಲ.

ಮೊದಲು ಕಟ್ಟಿಗೆಯ ಅನುಮಾನ ತೀರಿಸಿಕೊಳ್ಳಿ. ನಮ್ಮಲ್ಲಿ ಹೆಚ್ಚು ಸಿಗುವುದು ಬಳ್ಳಾರಿ ಜಾಲಿ. ಕೆಂಡ ಚೆನ್ನಾಗಿ ನಿಲ್ಲುವ ಮರ, ಆದರೆ ಹೊಸದಾಗಿ ಕಡಿದದ್ದರಲ್ಲಿ ನೀರು ಬಹಳ. ಹೆಬ್ಬೆರಳ ದಪ್ಪಕ್ಕೆ ಸೀಳಿದ ಒಂದು ಕಿಲೋ ತೂಗಿ, ವಾರವಿಡೀ ತಾರಸಿಯ ಬಿಸಿಲಿಗೆ ಹರವಿ, ಮತ್ತೆ ತೂಗಿ. 850 ಗ್ರಾಂಗಿಂತ ಕೆಳಗಿಳಿದರೆ ಅಷ್ಟು ನೀರಿತ್ತೆಂದೇ ಅರ್ಥ, ಆ ರಾಶಿ ಇನ್ನೂ ಒಲೆಗೆ ಸಲ್ಲದು. ಮೆಕ್ಕೆಜೋಳದ ಬೆಂಡು ಉರಿಸುವವರು ಜಾಲರಿಯನ್ನು ಆಗಾಗ ಕೆದಕುತ್ತಿರಬೇಕು. ಸಂದು ಬೂದಿಯಿಂದ ಮುಚ್ಚಿತೆಂದರೆ ಕೆಳಗಿನ ಗಾಳಿ ನಿಂತೇಹೋಗುತ್ತದೆ.

ಒಣ ಕಟ್ಟಿಗೆ ಸಿಕ್ಕ ಮೇಲೆ ಒಲೆಯನ್ನು ಪರೀಕ್ಷಿಸಿ. ಅರ್ಧ ಗಂಟೆ ಉರಿಸಿ, ಕಬ್ಬಿಣ ಕಾದ ನಂತರ ಮುಚ್ಚಳವಿರುವ ಪಾತ್ರೆಯಲ್ಲಿ 10 ಲೀಟರ್ ತಣ್ಣೀರಿಡಿ. ಅಲ್ಲಿಂದ ಹಾಕುವ ಪ್ರತಿ ಸೀಳನ್ನೂ ತೂಗಿಯೇ ಹಾಕಿ. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. 25 ಡಿಗ್ರಿಯಿಂದ ಅಲ್ಲಿಗೇರಲು ಬೇಕಾದದ್ದು 3 ಮೆಗಾಜೂಲ್ ಶಾಖ. ಕಿಲೋ ಒಣ ಕಟ್ಟಿಗೆಯಲ್ಲಿ ಇರುವುದು ಸುಮಾರು 15. ಫ್ಯಾನ್ ಇಲ್ಲದ ಒಲೆಗೆ ಭಾರತೀಯ ಮಾನದಂಡ ಐಎಸ್ 13152 ಕೇಳುವ ಕನಿಷ್ಠ ದಕ್ಷತೆ ಶೇ 25, ಅಂದರೆ ಕಟ್ಟಿಗೆಯ ಶಾಖದಲ್ಲಿ ಕಾಲು ಭಾಗವಾದರೂ ಪಾತ್ರೆಗೆ ಸೇರಬೇಕು. ಆ ಲೆಕ್ಕಕ್ಕೆ 800 ಗ್ರಾಂ ಸಾಕು. ಒಂದು ಕಿಲೋ ಆದರೂ ಒಪ್ಪಬಹುದು. ಎರಡು ಕಿಲೋ ಮುಟ್ಟಿದರೆ ಮೂರು ಕಲ್ಲಿನ ಒಲೆಗೂ ಇದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಹಾಗಾದರೆ ಚಿಮಣಿ ನೋಡಿ. ನಾಲ್ಕು ಇಂಚಿನ ಕೊಳವೆ ಕನಿಷ್ಠ ಹತ್ತು ಅಡಿ ಎತ್ತರವಿದ್ದು, ಮಾಡಿಗಿಂತ ಎರಡು ಅಡಿ ಮೇಲೆ ನಿಲ್ಲಬೇಕು. ಟೋಪಿಗೂ ಕೊಳವೆಯ ಬಾಯಿಗೂ ನಡುವೆ ಮೂರು ನಾಲ್ಕು ಇಂಚು ಜಾಗ ಬೇಕು. ಟೋಪಿಯೇ ಇಲ್ಲದಿದ್ದರೆ ಆಷಾಢದ ಗಾಳಿ ಹೊಗೆಯನ್ನು ಒಲೆ ಬಾಯಿಗೇ ತಳ್ಳುತ್ತದೆ. ಹೋಟೆಲಿನವರು ಎಕ್ಸಾಸ್ಟ್ ಫ್ಯಾನ್ ಆರಿಸಿ, ಕಿಟಕಿ ತೆರೆದು ನೋಡಲಿ. ಅಷ್ಟಕ್ಕೇ ಉರಿ ಏರಿದರೆ ಒಲೆಯ ತಪ್ಪಲ್ಲ: ಚಿಮಣಿ ಮೇಲೆಳೆಯಬೇಕಾದ ಗಾಳಿಯನ್ನು ಫ್ಯಾನ್ ಕಿತ್ತುಕೊಳ್ಳುತ್ತಿತ್ತು. ಇದನ್ನು ಹಾಗೇ ಬಿಡಬೇಡಿ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವಕ್ಕೇ ಅಪಾಯ.

ಇಷ್ಟೆಲ್ಲ ಸರಿಯಿದ್ದೂ ಒಲೆ ಕಾಯದಿದ್ದರೆ ತಯಾರಿಕೆಯತ್ತ ಬನ್ನಿ. ನೋಡುವವರ ಕಣ್ಣಿಗೆ ಸುಲಭವಾಗಿ ಬೀಳದ ದೋಷವೆಂದರೆ ಬಿಟ್ಟು ಬಿಟ್ಟು ಹಾಕಿದ ವೆಲ್ಡಿಂಗ್. ಒಲೆ ಉರಿಯುವಾಗ ಒಳಗಿನ ಒತ್ತಡ ಕಡಿಮೆ. ಹಾಗಾಗಿ ಸಂದಿನಿಂದ ಹೊಗೆ ಹೊರಬರುವುದಿಲ್ಲ, ತಣ್ಣನೆಯ ಗಾಳಿಯೇ ಒಳಗೆ ನುಗ್ಗುತ್ತದೆ. ಅದು ಬಿಸಿ ಗಾಳಿಯನ್ನು ತಣಿಸುತ್ತದೆ, ಚಿಮಣಿಯ ಎಳೆತವನ್ನೂ ತಗ್ಗಿಸುತ್ತದೆ. ಉರಿ ಜೋರಿರುವಾಗ ಹೊತ್ತಿಸಿದ ಊದುಬತ್ತಿಯನ್ನು ಪ್ರತಿ ಜೋಡಣೆಯ ಉದ್ದಕ್ಕೂ ನಿಧಾನವಾಗಿ ಸರಿಸಿ. ಹೊಗೆಯ ಎಳೆ ಒಳಕ್ಕೆ ಬಾಗಿದಲ್ಲಿ ಬಳಪದ ಗುರುತು ಹಾಕಿ. ಒಲೆ ಆರಿದ ಮೇಲೆ ಆ ಜಾಗಗಳಿಗೆ ಜೇಡಿಮಣ್ಣು, ಬೂದಿ ಕಲಸಿ ಮೆತ್ತಿ, ಒಣಗಲು ಬಿಟ್ಟು, ನೀರಿನ ಪರೀಕ್ಷೆಯನ್ನು ಮತ್ತೆ ಮಾಡಿ. ಕಟ್ಟಿಗೆ ಗಣನೀಯವಾಗಿ ಇಳಿದರೆ ದೋಷ ಸಾಬೀತಾದಂತೆಯೇ. ಸಿಮೆಂಟ್ ಮಾತ್ರ ಬೇಡ, ಕಾದ ಕಬ್ಬಿಣದ ಮೇಲೆ ಅದು ಬಿರಿಯುತ್ತದೆ.

ಎರಡನೆಯದು ಒಳಗಿನ ತಡೆತಗಡು. ಉರಿಯನ್ನು ಕಾವಲಿಯ ತಳಕ್ಕೆ ತಿರುಗಿಸುವುದು ಇದೇ. ಇದು ಇಲ್ಲದಿದ್ದರೆ, ಅಥವಾ ಕಳಚಿ ಬಿದ್ದಿದ್ದರೆ, ಚಿಮಣಿಯ ಬುಡ ಕಾದು ಕೆಂಪೇರಿದರೂ ಹಿಂದಿನ ಪಾತ್ರೆ ಬೆಚ್ಚಗೂ ಆಗುವುದಿಲ್ಲ. ತೀರಾ ಮೇಲಕ್ಕೆ ಕೂರಿಸಿದ್ದರೆ ದಾರಿಯೇ ಮುಚ್ಚಿ, ಬಾಗಿಲಿಂದ ಹೊಗೆ ಬರುತ್ತದೆ. ನಾಲ್ಕು ಇಂಚಿನ ಕೊಳವೆಯ ಬಾಯಿಯ ವಿಸ್ತೀರ್ಣ 81 ಚದರ ಸೆಂ.ಮೀ.; ಹೊಗೆ ಹರಿಯುವ ದಾರಿ ಎಲ್ಲಿಯೂ ಅದಕ್ಕಿಂತ ಕಿರಿದಾಗಬಾರದು. ಅಂದರೆ 20 ಸೆಂ.ಮೀ. ಅಗಲದ ಒಲೆಯಲ್ಲಿ ತಡೆತಗಡಿನ ಮೇಲೆ 4 ಸೆಂ.ಮೀ. ತೆರಪು ಇರಲೇಬೇಕು. ಕೊಳವೆ ಕೂರುವ ಬಳೆಯನ್ನೂ ಅಳೆಯಿರಿ. ಅದು ಮೂರು ಇಂಚಿದ್ದರೆ, ಮೇಲೆ ಎಷ್ಟೇ ದಪ್ಪ ಕೊಳವೆ ಹಾಕಿದರೂ ದಾರಿ ಅರ್ಧಕ್ಕೆ ಹತ್ತಿರ ಕಿರಿದಾಯಿತು.

ದೋಷ ಸಿಕ್ಕಿತೆಂದು ತಕ್ಷಣ ಗ್ಯಾಸ್ ಕಟರ್ ಹಿಡಿಯಬೇಡಿ. ಕತ್ತರಿಸಿದ ಒಲೆಯನ್ನು ತಯಾರಕರು ‘ನೀವೇ ಕೆಡಿಸಿದ್ದು’ ಎಂದು ತಳ್ಳಿಹಾಕುತ್ತಾರೆ. ಬಳಪದ ಗುರುತು, ಟೇಪಿನ ಅಳತೆ ಕಾಣುವಂತೆ ಫೋಟೊ ತೆಗೆದು, ಕಟ್ಟಿಗೆಯ ತೂಕದ ಲೆಕ್ಕ, ಬಿಲ್ಲಿನ ಪ್ರತಿ ಸೇರಿಸಿ ಬರಹದಲ್ಲೇ ದೂರು ಕೊಡಿ. ಅವರು ಸ್ಪಂದಿಸದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಎರಡು ವರ್ಷದ ಗಡುವಿದೆ.