ಪಿನ್ ಒಂದೇ ಆಯ್ತು, ಚಾರ್ಜ್ ಯಾಕೆ ಆಗ್ತಿಲ್ಲ?

ಈಚೆಗೆ ಕಾಕಾನ ಟ್ರಿಮ್ಮರ್ ಹಿಡಿದುಕೊಂಡು ವಿಜಯಪುರದ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್‌ಗೆ ಹೋಗಿದ್ದೆ. ಅದರ ಜೊತೆ ಬಂದ ಕೇಬಲ್ ಎಲ್ಲೋ ಕಳೆದಿತ್ತು. ಸಿ-ಟೈಪ್ ತೂತು ಇದೆಯಲ್ಲ ಅಂತ ನನ್ನ ಫೋನಿನ ಹೊಸ ಚಾರ್ಜರ್ ಹಚ್ಚಿದರೆ ದೀಪವೇ ಹತ್ತುತ್ತಿರಲಿಲ್ಲ. ರಿಪೇರಿ ಅಂಗಡಿಯ ಹುಡುಗ ಅದನ್ನು ಬಿಚ್ಚಲೂ ಇಲ್ಲ. ಮೊಳೆಗೆ ನೇತುಹಾಕಿದ್ದ ಹಳೆ ಕೇಬಲ್ ತೆಗೆದು ಹಚ್ಚಿದ. ಕೆಂಪು ದೀಪ ಹತ್ತಿತು.

"ಏನೂ ಕೆಟ್ಟಿಲ್ರಿ ಅಣ್ಣಾರ. ಇದಕ್ಕ ಹಳೇ ಅಡಾಪ್ಟರ್ ಬೇಕು. ಇಂಥವು ದಿನಾ ಬರ್ತಾವ."

ಜಗತ್ತಿಗೆಲ್ಲ ಒಂದೇ ಪಿನ್ ಬಂದರೆ ಈ ತಾಪತ್ರಯ ಮುಗಿಯುತ್ತದೆ ಅಂತ ಎಷ್ಟು ವರ್ಷದಿಂದ ಕೇಳಿಕೊಂಡು ಬಂದಿದ್ದೇವೆ, ಅಲ್ವಾ? ಪಿನ್ ಬಂತು. ಹಾಗಿದ್ದರೆ ಇದೇನು? ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊಬೈಲ್ ಫೋನ್ ಬಂದ ಮೊದಲ ಹತ್ತು ವರ್ಷದ ಕಥೆ ಒಂದೇ ಸಾಲಿನದು: ಕಂಪನಿಗೊಂದು ಪಿನ್, ಕೆಲವೊಮ್ಮೆ ಮಾಡೆಲ್‌ಗೊಂದು ಪಿನ್. ನಮ್ಮ ಕಡೆ ಮಾತ್ರ ಅದು ಅಷ್ಟಾಗಿ ತಟ್ಟಲಿಲ್ಲ. ಯಾಕೆಂದರೆ ಊರಿಗೆ ಊರೇ ನೋಕಿಯಾ ಹಿಡಿದಿತ್ತು. 2003ರಲ್ಲಿ ಬಂದ 1100 ಮಾಡೆಲ್, ಅದರ ತಲೆಯ ಮೇಲಿನ ಟಾರ್ಚ್, ಅದರ 3.5 ಮಿಲಿಮೀಟರ್ ದಪ್ಪ ಪಿನ್. ಗಿರಣಿಗೆ ಜೋಳ ಹಾಕಲು ಹೋದವರು ಅಲ್ಲೇ ಫೋನ್ ಚಾರ್ಜಿಗೆ ಹಚ್ಚಿ, ಹಿಟ್ಟು ಒಯ್ಯುವಾಗ ಫೋನೂ ಒಯ್ಯುತ್ತಿದ್ದರು. ಗಿರಣಿಯಲ್ಲಿ ಒಂದು ಚಾರ್ಜರ್ ಇದ್ದರೆ ಓಣಿಗೆಲ್ಲ ಸಾಕಾಗುತ್ತಿತ್ತು. 2005ರ ಸುಮಾರಿಗೆ ಅದೇ ಕಂಪನಿ 2 ಮಿಲಿಮೀಟರಿನ ಸಣ್ಣ ಪಿನ್‌ಗೆ ಹೋಯಿತು. ಆಗಲೂ ಜಗಳವಾಗಲಿಲ್ಲ. ದಪ್ಪದಿಂದ ಸಣ್ಣದಕ್ಕೆ ಇಳಿಸುವ ಬೆರಳುದ್ದದ ತುಂಡೊಂದು ಸಿಗುತ್ತಿತ್ತು. ಅದು ಗಿರಣಿಯ ಚಾರ್ಜರಿಗೇ ಅಂಟಿಕೊಂಡಿರುತ್ತಿತ್ತು.

ಆ ದುಂಡು ಪಿನ್‌ನ ಇನ್ನೊಂದು ಗುಣ ಈಗ ಯಾರಿಗೂ ನೆನಪಿಲ್ಲ. ರಾತ್ರಿ ಕರೆಂಟ್ ಹೋಗಿ, ನಡುರಾತ್ರಿ ಬಂದಾಗ, ಕಣ್ಣು ಮುಚ್ಚಿಕೊಂಡೇ ಚುಚ್ಚಬಹುದಿತ್ತು. ದುಂಡಗಿದೆ, ಮೇಲು ಕೆಳಗು ಅಂತಿಲ್ಲ.

2007ರಲ್ಲಿ ಮೈಕ್ರೋ ಯುಎಸ್‌ಬಿ ಬಂತು. ಅಂಗಡಿಯವರು ಇವತ್ತಿಗೂ ಅದನ್ನು 'ವಿ8' ಅನ್ನುತ್ತಾರೆ. 2009ರ ಜೂನ್‌ನಲ್ಲಿ ಯುರೋಪಿನ ಒಕ್ಕೂಟ ದೊಡ್ಡ ಫೋನ್ ಕಂಪನಿಗಳನ್ನು ಕೂರಿಸಿಕೊಂಡು, ಇನ್ನು ಮೇಲೆ ಎಲ್ಲ ಸ್ಮಾರ್ಟ್‌ಫೋನ್‌ಗೂ ಇದೇ ಪಿನ್ ಅಂತ ಒಪ್ಪಂದ ಮಾಡಿಸಿತು. ಆಗ ಸುಮಾರು 30 ಬಗೆಯ ಚಾರ್ಜರ್‌ಗಳಿದ್ದವಂತೆ. ಆದರೆ ಅದು ಕಾನೂನಲ್ಲ, ಮನಸ್ಸಿದ್ದರೆ ಪಾಲಿಸುವ ಒಪ್ಪಂದ. ಫೋನಿನಲ್ಲಿ ಬೇರೆ ತೂತಿದ್ದರೂ, ಅದಕ್ಕೊಂದು ಜೋಡಿಸುವ ತುಂಡು ಮಾರಿದರೆ ಒಪ್ಪಂದ ಪಾಲಿಸಿದ ಹಾಗೇ ಲೆಕ್ಕ. ಬೇಲಿ ಕಟ್ಟಿ, ಗೇಟಿಗೆ ಚಿಲಕ ಹಾಕದೆ ಬಂದಂತೆ. 2003ರಿಂದ 30 ಪಿನ್‌ನ ಅಗಲ ಪಟ್ಟಿ ಇಟ್ಟುಕೊಂಡಿದ್ದ ಆಪಲ್ 2012ರಲ್ಲಿ ಲೈಟ್ನಿಂಗ್ ಅನ್ನುವ ತನ್ನದೇ ಇನ್ನೊಂದು ಪಿನ್‌ಗೆ ಬದಲಾಯಿತು. ಅದನ್ನು ತಡೆಯುವಂಥದ್ದು ಆ ಒಪ್ಪಂದದಲ್ಲಿ ಏನೂ ಇರಲಿಲ್ಲ.

ವಿ8 ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಕಾಗದದ ಮೇಲೆ ಅದು 10,000 ಸಲ ಹಾಕಿ ತೆಗೆಯಲು ತಾಳುತ್ತದೆ. ಸವೆಯುವ ಸ್ಪ್ರಿಂಗನ್ನು ಫೋನಿನಲ್ಲಿಡದೆ ಕೇಬಲ್ ಕಡೆಗೆ ಇಟ್ಟದ್ದೂ ಜಾಣತನವೇ. ಕೇಬಲ್ ಅಗ್ಗ, ಫೋನ್ ತುಟ್ಟಿ. ಆದರೆ ಅದು ಒಂದೇ ದಿಕ್ಕಿಗೆ ಹೋಗುವ ಪಿನ್. ಕತ್ತಲಲ್ಲಿ ಹಿರಿಯರು ಉಲ್ಟಾ ಒತ್ತಿದರೆ ಒಳಗಿನ ನಾಲಿಗೆ ಮುರಿಯಿತು ಅಂತಲೇ ಲೆಕ್ಕ. ನಮ್ಮ ಮನೆಯಲ್ಲೇ ಹಾಗೆ ಮೂರು ಫೋನ್‌ಗೆ ಚಾರ್ಜಿಂಗ್ ಜ್ಯಾಕ್ ಹಾಕಿಸಿದ್ದೇವೆ.

2014ರ ಆಗಸ್ಟ್‌ನಲ್ಲಿ ಸಿ-ಟೈಪ್‌ನ ವಿವರ ಪ್ರಕಟವಾಯಿತು. ಹೇಗೆ ಹಚ್ಚಿದರೂ ಹೋಗುತ್ತದೆ. ನೋಕಿಯಾದ ದುಂಡು ಪಿನ್ ಕೊಟ್ಟಿದ್ದ ಸುಖ ಏಳು ವರ್ಷದ ಮೇಲೆ ವಾಪಸ್ ಸಿಕ್ಕಿತು. ಸಿಕ್ಕಿದ್ದರ ಜೊತೆ ಗೋಜಲೂ ಶುರುವಾಯಿತು.

ಹಳೆಯ ಅಗಲ ಬಾಯಿಯ (ಯುಎಸ್‌ಬಿ-ಎ) ಅಡಾಪ್ಟರ್ ಭೋಳೆ. ಗೋಡೆಗೆ ಚುಚ್ಚಿದರೆ ಸಾಕು, ಅದರಲ್ಲಿ 5 ವೋಲ್ಟ್ ಸದಾ ಇರುತ್ತದೆ, ಯಾರು ಬಂದರೂ ಕೊಡುತ್ತದೆ. ಸಿ ಬಾಯಿಯ ಅಡಾಪ್ಟರ್ ಹಾಗಲ್ಲ. ಬಾಗಿಲು ಬಡಿದವರು ಯಾರು ಅಂತ ಕೇಳಿಯೇ ತೆಗೆಯುತ್ತದೆ. ಅದಕ್ಕೆ ಕಾರಣವೂ ಇದೆ. ಕೇಬಲ್‌ನ ಎರಡೂ ತುದಿ ಒಂದೇ ಥರ ಆದ ಮೇಲೆ, ಯಾರಾದರೂ ಎರಡು ಚಾರ್ಜರ್‌ಗಳನ್ನೇ ಒಂದಕ್ಕೊಂದು ಜೋಡಿಸಬಹುದು. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅಂತ ಮೊದಲೇ ತೀರ್ಮಾನವಾಗಬೇಕು. ತೂತಿನೊಳಗಿನ 24 ಸಂಪರ್ಕಗಳಲ್ಲಿ ಎರಡು ಈ ಮಾತುಕತೆಗೆ ಮೀಸಲು. 'ನಾನು ತೆಗೆದುಕೊಳ್ಳುವವ' ಅಂತ ಹೇಳಲು ಚಾರ್ಜ್ ಆಗುವ ಸಾಮಾನಿನ ಕಡೆ ಆ ಎರಡಕ್ಕೂ 5.1 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಇರಬೇಕು. ಸಾಸಿವೆಗಿಂತ ಸಣ್ಣವು, ಪೈಸೆ ಲೆಕ್ಕದ ಬೆಲೆ.

ಕಾಕಾನ ಟ್ರಿಮ್ಮರಿನಲ್ಲಿ ಅವು ಇಲ್ಲ. ವಿ8 ತೂತಿಗೆ ಅಂತ ಮಾಡಿದ ಬೋರ್ಡಿನ ಮೇಲೆ ಸಿ ತೂತು ಕೂರಿಸಿಬಿಟ್ಟರೆ ಹೀಗಾಗುತ್ತದೆ. ಜೊತೆಗೆ ಕೊಡುವ ಕೇಬಲ್ ಒಂದು ಕಡೆ ಅಗಲ ಬಾಯಿಯದು. ಅದು ಭೋಳೆ ಅಡಾಪ್ಟರಿಗೇ ಹೋಗುತ್ತದೆ, ಹಾಗಾಗಿ ಪರೀಕ್ಷೆಯಲ್ಲೂ ಪಾಸ್, ಅಂಗಡಿಯಲ್ಲೂ ಪಾಸ್. ಎರಡೂ ಕಡೆ ಸಿ ಇರುವ ಕೇಬಲ್ ಹಚ್ಚಿದಾಗ ಅಡಾಪ್ಟರ್ 'ಯಾರು?' ಅನ್ನುತ್ತದೆ, ಟ್ರಿಮ್ಮರ್ ಸುಮ್ನೆ ನಿಂತಿರುತ್ತದೆ. ಟಾರ್ಚ್, ಸ್ಪೀಕರ್, ಕುತ್ತಿಗೆಗೆ ಹಾಕುವ ಫ್ಯಾನ್, ಇವುಗಳಲ್ಲೂ ಇದೇ ಕಥೆ ಕಾಣುತ್ತದೆ. ಗೊತ್ತಿದ್ದವರೂ ಎಡವಿದ್ದಾರೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಎರಡರ ಬದಲು ಒಂದೇ ರೆಸಿಸ್ಟರ್ ಇತ್ತು. ಕೆಲವು ಕೇಬಲ್‌ಗಳಿಗೆ ಅದು ಹೊಂದಲಿಲ್ಲ, ಆಮೇಲೆ ತಿದ್ದಿದರು.

ಅಂಗಡಿಯ ಹುಡುಗನನ್ನು ಕೇಳಿದೆ, ಆ ಎರಡನ್ನು ಈಗ ಹಾಕಬಹುದಲ್ಲ? "ಹಾಕಬಹುದ್ರಿ. ಖರೇ, ಕೂಲಿ ಟ್ರಿಮ್ಮರಿನ ಅರ್ಧಾ ರೇಟ್ ಆಕ್ಕೈತಿ."

ಕೇಬಲ್‌ಗಳ ಕಡೆಯದು ಬೇರೆಯೇ ಕಥೆ. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಲ್ಲಿ ಮಾರುಕಟ್ಟೆಯ ಸಿ ಕೇಬಲ್‌ಗಳನ್ನು ತಾವೇ ಕೊಂಡು ಪರೀಕ್ಷಿಸಲು ಶುರುಮಾಡಿದರು. ತಪ್ಪಾಗಿ ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಇದರ ಮೇಲೆ ಫಾಸ್ಟ್ ಚಾರ್ಜಿಂಗ್ ಪೈಪೋಟಿ ಬೇರೆ. ಅಡಾಪ್ಟರ್ ಮೇಲೆ 67 ವಾಟ್, 80 ವಾಟ್ ಅಂತ ಬರೆದಿರುತ್ತದೆ. ಅದರ ಭಾಷೆ ಎಷ್ಟೋ ಸಲ ಅದೇ ಕಂಪನಿಯ ಫೋನಿಗೆ ಮಾತ್ರ ಗೊತ್ತು. ಬೇರೆ ಫೋನ್ ಹಚ್ಚಿದರೆ ಆಮೆ ನಡಿಗೆ. ಮೊದಲು ಪಿನ್ ಹೊಂದದಿದ್ದರೆ ಕಣ್ಣಿಗೇ ಕಾಣುತ್ತಿತ್ತು, ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಈಗ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

2022ರ ಅಕ್ಟೋಬರ್ 4ರಂದು ಯುರೋಪಿನ ಸಂಸತ್ತು 602 ಮತಗಳಿಂದ ಈ ಸಲ ಕಾನೂನನ್ನೇ ಒಪ್ಪಿತು. ವಿರೋಧ 13. ಫೋನ್‌ಗಳಿಗೆ 2024ರ ಡಿಸೆಂಬರ್ 28ರಿಂದ ಜಾರಿ, ಲ್ಯಾಪ್‌ಟಾಪ್‌ಗೆ 2026ರ ಏಪ್ರಿಲ್ 28. ಅದಕ್ಕೂ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಐಫೋನ್‌ಗೂ ಸಿ ಬಂತು. ಈ ಕಾನೂನು ತೂತಿನ ಆಕಾರಕ್ಕೆ ನಿಲ್ಲಲಿಲ್ಲ. ಫಾಸ್ಟ್ ಚಾರ್ಜಿಂಗ್ ಇದ್ದರೆ ಎಲ್ಲರಿಗೂ ಗೊತ್ತಿರುವ ಪವರ್ ಡೆಲಿವರಿ ಭಾಷೆಯೂ ಬರಬೇಕು ಅಂದಿತು. ಒಳ್ಳೆಯದೇ. ಆದರೆ ಅದರ ಪಟ್ಟಿಯಲ್ಲಿ ಫೋನ್, ಕ್ಯಾಮೆರಾ, ಇಯರ್‌ಬಡ್, ಸ್ಪೀಕರ್ ಇವೆ. ಟ್ರಿಮ್ಮರ್ ಇಲ್ಲ.

ನಮ್ಮಲ್ಲಿ 2022ರ ನವೆಂಬರ್‌ನಲ್ಲಿ ಗ್ರಾಹಕ ವ್ಯವಹಾರ ಇಲಾಖೆ ಕರೆದ ಸಭೆಯಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್, ಲ್ಯಾಪ್‌ಟಾಪ್‌ಗೆ ಸಿ ಅಂತ ಒಮ್ಮತ ಬಂತು. 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಅದರ ಮಾನದಂಡವನ್ನೂ ಪ್ರಕಟಿಸಿತು. ಕೀಪ್ಯಾಡ್ ಫೋನ್‌ಗಳಿಗೆ ಬೆಲೆ ಜಾಸ್ತಿಯಾಗಬಾರದು ಅಂತ ಬೇರೆ ಚಾರ್ಜರ್ ಇರಲಿ ಎಂಬ ಮಾತೂ ಆ ಚರ್ಚೆಯಲ್ಲೇ ಬಂತು. ಸಿಂದಗಿ, ಇಂಡಿ ಕಡೆಯ ಸಂತೆಯಲ್ಲಿ ವಿ8 ಕೇಬಲ್ ರಾಶಿ ಇನ್ನೂ ಕರಗದಿರುವುದು ಅದಕ್ಕೇ.

ಕಾಕಾನಿಗೆ ಇದನ್ನೆಲ್ಲ ಹೇಳಲು ಹೋದೆ. "ಸಿ ಅಂದ್ರ ಸಿ ಅಲ್ಲೇನಪಾ?" ಅಂದ. ಆಮೇಲೆ ಮನೆಯಲ್ಲಿದ್ದ ಹಳೆ ಅಗಲ ಬಾಯಿಯ ಅಡಾಪ್ಟರ್ ಹುಡುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ ದೇವರ ಮನೆಯ ಪಕ್ಕದ ಸ್ವಿಚ್‌ಗೆ ಚುಚ್ಚಿದ. ಟ್ರಿಮ್ಮರ್, ಕೀಪ್ಯಾಡ್ ಫೋನ್, ಟಾರ್ಚ್ ಮೂರೂ ಅದಕ್ಕೇ. ನನ್ನ ಹೊಸ ಚಾರ್ಜರನ್ನು ಮಾತ್ರ ವಾಪಸ್ ಕೈಗೆ ಕೊಟ್ಟ.