ಹಳೇ ಯುದ್ಧವಿಮಾನಗಳ ಏರ್ ಶೋ: ಜನ ಎಲ್ಲಿ ನಿಲ್ಲಬೇಕು, ಯಾಕೆ?

ವಿಪತ್ತು ನಿರ್ವಹಣೆ ಡಿಪ್ಲೊಮಾಗೆ ಓದುತ್ತಿರುವ ಹುಬ್ಬಳ್ಳಿ-ಧಾರವಾಡದ ಗೆಳೆಯರಿಗಾಗಿ ಈ ಟಿಪ್ಪಣಿ. ಜನಸಂದಣಿ ಪೇಪರ್‌ನಲ್ಲಿ ಜಾತ್ರೆ, ತೇರು, ರಾಜಕೀಯ ಸಭೆ ಎಲ್ಲ ನಾವು ಕಣ್ಣಾರೆ ಕಂಡ ವಿಷಯ. ಸಿದ್ಧಾರೂಢ ಮಠದ ತೇರಿನ ದಿನ ಬ್ಯಾರಿಕೇಡ್ ಎಲ್ಲಿರುತ್ತದೆ, ಆಂಬ್ಯುಲೆನ್ಸ್ ಯಾವ ಕಡೆಯಿಂದ ಬರುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅದನ್ನೆಲ್ಲ ಬಿಟ್ಟು ಏರ್ ಶೋ ಭಾಗವನ್ನಷ್ಟೇ ಬರೆಯುತ್ತೇನೆ. ಅದರಲ್ಲೂ ಒಂದೇ ಒಂದು ಹೆಜ್ಜೆ ತಲೆ ತಿನ್ನುತ್ತದೆ, ಅದಕ್ಕೇ ಜಾಸ್ತಿ ಜಾಗ ಹೋಗಿದೆ.

ಎರಡು ಗೆರೆ

ಜನ ನಿಲ್ಲುವ ಜಾಗದ ಮುಂದಿನ ಅಂಚು ಕ್ರೌಡ್ ಲೈನ್. ವಿಮಾನ ಯಾವ ಗೆರೆ ಹಿಡಿದು ಹಾರಬೇಕೋ ಅದು ಶೋ ಲೈನ್. ಎರಡೂ ಅಕ್ಕಪಕ್ಕ ಸಮಾಂತರವಾಗಿ ಇರುತ್ತವೆ. ಇವುಗಳ ನಡುವಿನ ಅಂತರ ವಿಮಾನದ ವೇಗದ ಮೇಲೆ ನಿಂತಿದೆ. ಅಮೆರಿಕದ ಲೆಕ್ಕ ನೆನಪಿಡಲು ಸುಲಭ: 156 ನಾಟ್‌ವರೆಗಿನ (ನಾಟ್ ಅಂದರೆ ವಿಮಾನದ ವೇಗದ ಅಳತೆ, ಒಂದು ನಾಟ್ ಗಂಟೆಗೆ ಸುಮಾರು 1.85 ಕಿಲೋಮೀಟರ್) ನಿಧಾನದ ವಿಮಾನಕ್ಕೆ 500 ಅಡಿ, 245 ನಾಟ್‌ವರೆಗೆ 1000 ಅಡಿ, ಅದಕ್ಕಿಂತ ಜೋರಿನದಕ್ಕೆ 1500 ಅಡಿ. ಮೀಟರ್‌ನಲ್ಲಿ ಸುಮಾರು 152, 305, 457. ಇದರ ಜೊತೆಗೆ ಇನ್ನೊಂದು ನಿಯಮ ಇದೆ: ಕಸರತ್ತು ಮಾಡುವಾಗ ವಿಮಾನದ ವೇಗ, ಶಕ್ತಿ ಜನರ ಕಡೆಗೆ ಮುಖ ಮಾಡಿರಬಾರದು.

ಮೊದಲ ನಿಯಮ ಎಲ್ಲರಿಗೂ ಅರ್ಥವಾಗುತ್ತದೆ. ದೂರ ಇದ್ದಷ್ಟೂ ಒಳ್ಳೆಯದು, ಅಷ್ಟೇ ತಾನೆ. ಎರಡನೆಯದು ಮೊದಲನೆಯದಕ್ಕೆ ಬಾಲಂಗೋಚಿ ಅನ್ನಿಸುತ್ತದೆ. ಆದರೆ ನಿಜವಾದ ಕೆಲಸ ಮಾಡುವುದು ಎರಡನೆಯದೇ. 457 ಮೀಟರ್ ಅನ್ನುವುದು ಅದು ಇದ್ದಾಗ ಮಾತ್ರ ಸಾಕು.

ಕವಣೆ ಕಲ್ಲು (ನನಗೆ ಜಾಸ್ತಿ ಹೊತ್ತು ಹಿಡಿದ ಭಾಗ)

1952ರ ಸೆಪ್ಟೆಂಬರ್ 6, ಇಂಗ್ಲೆಂಡಿನ ಫಾರ್ನ್‌ಬರೋ. ಡಿ ಹ್ಯಾವಿಲೆಂಡ್ ಡಿಎಚ್ 110 ಅನ್ನುವ ಜೆಟ್ ತಿರುವು ತೆಗೆದುಕೊಳ್ಳುತ್ತಿದ್ದಾಗ ಗಾಳಿಯಲ್ಲೇ ಒಡೆದು ಚೂರಾಯಿತು. ಒಳಗಿದ್ದ ಇಬ್ಬರೂ, ನೋಡುತ್ತಿದ್ದ 29 ಜನರೂ ಸತ್ತರು. ಕಳಚಿಕೊಂಡ ಒಂದು ಎಂಜಿನ್ ಹಾರಿ ಹೋಗಿ, ಗುಡ್ಡದ ಮೇಲೆ ನಿಂತಿದ್ದವರ ಮೇಲೆ ಬಿತ್ತು. ಆಗ ಅದು ಹಳೇ ವಿಮಾನವಲ್ಲ, ಹೊಚ್ಚ ಹೊಸದು. ಆದರೂ ಈ ಪಾಠ ಇಲ್ಲಿಂದಲೇ ಶುರುವಾಗಬೇಕು. ಬ್ರಿಟನ್ನಿನಲ್ಲಿ ಜನರಿಂದ ವಿಮಾನ ಎಷ್ಟು ದೂರ ಇರಬೇಕು ಅನ್ನುವ ನಿಯಮ ಬಿಗಿಯಾದದ್ದು ಈ ಘಟನೆಯ ನಂತರವೇ.

ಇಲ್ಲಿ ಏಳುವ ಪ್ರಶ್ನೆ: ವಿಮಾನ ತಿರುಗುತ್ತಿತ್ತು. ತಿರುವು ಮುಗಿದಿದ್ದರೆ ಜನರ ಮೇಲೆ ಬರುತ್ತಲೇ ಇರಲಿಲ್ಲ. ಹಾಗಾದರೆ ಅದರ ಎಂಜಿನ್ ಅಲ್ಲಿಗೆ ಹೇಗೆ ಹೋಯಿತು?

ಜೋಳದ ಹೊಲದಲ್ಲಿ ಹಕ್ಕಿ ಕಾಯುವವರು ಕವಣೆ ಬೀಸುವುದನ್ನು ನೆನಪಿಸಿಕೊಳ್ಳಿ. ಕಲ್ಲು ತಲೆಯ ಸುತ್ತ ದುಂಡಗೆ ತಿರುಗುತ್ತದೆ. ಹಗ್ಗ ಬಿಟ್ಟ ಕ್ಷಣ ಅದು ದುಂಡಗೆ ಹೋಗುವುದಿಲ್ಲ, ಆ ಕ್ಷಣಕ್ಕೆ ಎತ್ತ ಮುಖ ಮಾಡಿತ್ತೋ ಅತ್ತ ನೇರ ಹಾರುತ್ತದೆ. ಹತ್ತನೇ ಕ್ಲಾಸಿನ ವೃತ್ತದ ಪಾಠದಲ್ಲಿ ಬರುವ ಸ್ಪರ್ಶಕ ಇದೇ. ಕಲ್ಲನ್ನು ತಿರುಗಿಸುತ್ತಿದ್ದದ್ದು ಹಗ್ಗ. ವಿಮಾನವನ್ನು ತಿರುಗಿಸುವುದು ರೆಕ್ಕೆ. ರೆಕ್ಕೆಯಿಂದ ಬಿಡಿಸಿಕೊಂಡ ಎಂಜಿನ್‌ಗೆ ತಿರುವು ಅನ್ನುವುದೇ ಇಲ್ಲ.

ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಚಿತ್ರ ಬರೆಯುವಾಗ ಇಲ್ಲೇ ಗೊಂದಲ ಆಗುವುದು. ಹಾಳೆಯ ಕೆಳಗೆ ಅಡ್ಡಗೆರೆ ಎಳೆಯಿರಿ, ಅದು ಕ್ರೌಡ್ ಲೈನ್. ಅದರ ಮೇಲೆ ಸ್ವಲ್ಪ ದೂರದಲ್ಲಿ ಇನ್ನೊಂದು ಅಡ್ಡಗೆರೆ, ಶೋ ಲೈನ್. ವಿಮಾನ ಆಚೆ ಬದಿಯಿಂದ ಬಂದು, ಬಾಗಿ, ಶೋ ಲೈನ್ ಸೇರುತ್ತದೆ. ಆ ಬಾಗಿದ ದಾರಿಯ ಮೇಲೆ ನಾಲ್ಕೈದು ಚುಕ್ಕೆ ಇಡಿ. ಪ್ರತಿ ಚುಕ್ಕೆಯಿಂದ ಸ್ಪರ್ಶಕ ಎಳೆಯಿರಿ. ದಾರಿ ಎಲ್ಲಿಯೂ ಜನರನ್ನು ಮುಟ್ಟುವುದಿಲ್ಲ. ಆದರೆ ಸ್ಪರ್ಶಕಗಳು? ಕೊನೆಯದೊಂದು ಬಿಟ್ಟು ಉಳಿದವೆಲ್ಲ ಜನರ ಕಡೆಗೇ ಇಳಿದಿರುತ್ತವೆ. ಪೈಲಟ್ ತನ್ನ ದಾರಿಯನ್ನು ನೋಡುತ್ತಾನೆ. ಸುರಕ್ಷತೆ ನೋಡಿಕೊಳ್ಳುವವರು ಸ್ಪರ್ಶಕಗಳನ್ನು ನೋಡಬೇಕು.

1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಆದದ್ದೂ ದಿಕ್ಕಿನ ಕಥೆಯೇ. ಇಟಲಿಯ ತಂಡದ ಒಂಟಿ ವಿಮಾನ ಜನರ ಕಡೆಗೆ ಮುಖ ಮಾಡಿ ಬರುತ್ತಿದ್ದಾಗ ಜೊತೆಯ ವಿಮಾನಗಳಿಗೆ ಡಿಕ್ಕಿಯಾಯಿತು. ಪೈಲಟ್‌ಗಳೂ ಸೇರಿ 70 ಸಾವು.

ಅರ್ಧ ಮಾಡುವ ಶಾರ್ಟ್‌ಕಟ್

ನಾಟ್ ಅನ್ನು ಅರ್ಧ ಮಾಡಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. 300 ನಾಟ್ ಅಂದರೆ ಸುಮಾರು 150. ಸ್ವಲ್ಪ ತಪ್ಪುತ್ತದೆ (ನಿಖರವಾಗಿ 154), ಪರೀಕ್ಷೆಗೆ ಸಾಕು. ಬೀಳುವ ಸಮಯಕ್ಕೆ ಎತ್ತರವನ್ನು ಐದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: 45 ಮೀಟರ್‌ಗೆ 3 ಸೆಕೆಂಡ್, 80ಕ್ಕೆ 4, 125ಕ್ಕೆ 5, 180ಕ್ಕೆ 6. ಈ ನಾಲ್ಕು ಜೋಡಿ ಬಾಯಿಪಾಠ ಮಾಡಿಬಿಡಿ. ಕ್ಯಾಲ್ಕುಲೇಟರ್ ಬೇಕಾಗುವುದೇ ಇಲ್ಲ.

ಈಗ 300 ನಾಟ್‌ನ ಜೆಟ್ ನೆಲದಿಂದ 180 ಮೀಟರ್ ಎತ್ತರದಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಎಂಜಿನ್ ಕಳಚಿದರೆ 6 ಸೆಕೆಂಡ್ ಗಾಳಿಯಲ್ಲಿರುತ್ತದೆ, 6 × 150 = 900 ಮೀಟರ್ ಮುಂದೆ ಹೋಗುತ್ತದೆ. (ಗಾಳಿಯ ತಡೆ ಬಿಟ್ಟಿದ್ದೇನೆ. ತೆಳು ತಗಡು ಇಷ್ಟು ದೂರ ಹೋಗದೆ ಹತ್ತಿರದಲ್ಲೇ ಬೀಳುತ್ತದೆ. ಎಂಜಿನ್‌ನಂಥ ಭಾರದ ವಸ್ತುವಿಗೆ ಗಾಳಿಯ ತಡೆ ಅಷ್ಟಾಗಿ ತಟ್ಟುವುದಿಲ್ಲ.)

ಅದೇ ಜೆಟ್ 4 ಜಿ (ಅಂದರೆ ತನ್ನ ತೂಕದ ನಾಲ್ಕು ಪಟ್ಟು) ಎಳೆದು ಮಟ್ಟಸವಾಗಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 600 ಮೀಟರ್. ಶೋ ಲೈನ್‌ಗೆ 60 ಡಿಗ್ರಿ ಓರೆಯಾಗಿ ಇರುವ ಕ್ಷಣ ಹಿಡಿಯಿರಿ. ಆಗ ಅದು ಶೋ ಲೈನ್‌ನಿಂದ ಇನ್ನೂ 300 ಮೀಟರ್ ಆಚೆ ಇದೆ. ಜನರಿಂದ ಒಟ್ಟು 300 + 457 = 757 ಮೀಟರ್. ಆದರೆ ಎಂಜಿನ್ ಹೋಗುವುದು ಓರೆ ದಾರಿಯಲ್ಲಿ: 757 ಅನ್ನು ಸೈನ್ 60ರಿಂದ ಭಾಗಿಸಿದರೆ 874 ಮೀಟರ್. ಎಂಜಿನ್ ಎಟುಕುವುದು 900. ಅಂದರೆ 1500 ಅಡಿಯ ನಿಯಮ ಅಕ್ಷರಶಃ ಪಾಲಿಸಿದ ವಿಮಾನದ ಎಂಜಿನ್ ಜನರೊಳಗೆ ಬಿತ್ತು!

ಅದೇ ವಿಮಾನ ಶೋ ಲೈನ್ ಮೇಲೆ ಸಮಾಂತರವಾಗಿ ಹೋಗುವಾಗ ಎಂಜಿನ್ ಕಳಚಿದರೆ 900 ಮೀಟರ್ ಮುಂದೆ ಹೋಗುತ್ತದೆ, ಜನರು 457 ಮೀಟರ್ ಪಕ್ಕದಲ್ಲಿ ಇರುತ್ತಾರೆ. ದೂರದ ನಿಯಮ ಪಕ್ಕಕ್ಕೆ ಚೆದುರುವ ಚೂರುಗಳಿಗಾಗಿ. ಮುಂದಕ್ಕೆ ಹಾರುವ ಎಂಜಿನ್‌ಗೆ ದಿಕ್ಕಿನ ನಿಯಮವೇ ಬೇಕು. ಆದ್ದರಿಂದಲೇ ತಿರುವುಗಳನ್ನು ಜನರಿಂದ ಬಹಳ ದೂರ ಮುಗಿಸಿಕೊಂಡು ಬರಲು ಹೇಳುವುದು.

ಜಿ ಅಷ್ಟೇ ಇದ್ದು ವೇಗ ಇಮ್ಮಡಿಯಾದರೆ ತ್ರಿಜ್ಯ ನಾಲ್ಕು ಪಟ್ಟು ಅನ್ನುವುದನ್ನೂ ಬರೆಯಿರಿ, ಒಂದು ಅಂಕ ಸಿಗುತ್ತದೆ.

ಶೋರ್‌ಹ್ಯಾಮ್: ಸತ್ತವರು ಟಿಕೆಟ್ ತೆಗೆದವರಲ್ಲ

2015ರ ಆಗಸ್ಟ್ 22. ಹಾಕರ್ ಹಂಟರ್ ಜೆಟ್. ನಮ್ಮ ವಾಯುಪಡೆಯಲ್ಲೂ ದಶಕಗಳ ಕಾಲ ಇತ್ತು, 1971ರಲ್ಲಿ ಲೋಂಗೇವಾಲಾದಲ್ಲಿ ಟ್ಯಾಂಕ್‌ಗಳನ್ನು ಹೊಡೆದದ್ದು ಇದೇ. ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಲೂಪ್ (ಮೇಲೇರಿ, ತಲೆಕೆಳಗಾಗಿ, ಮತ್ತೆ ಇಳಿದು ಬರುವ ದುಂಡನೆಯ ಸುತ್ತು) ಹೊಡೆಯುತ್ತಾ ಕೆಳಗೆ ಬಂದು, ಮೇಲೇಳಲಾಗದೆ ಎ27 ಹೆದ್ದಾರಿಗೆ ಅಪ್ಪಳಿಸಿತು. 11 ಜನ ಸತ್ತರು. ಎಲ್ಲರೂ ರಸ್ತೆಯಲ್ಲಿದ್ದವರು, ರಸ್ತೆ ಪಕ್ಕದಲ್ಲಿದ್ದವರು. ಮೈದಾನದ ಒಳಗಿದ್ದ ಒಬ್ಬರೂ ಸಾಯಲಿಲ್ಲ. ಪೈಲಟ್ ಬದುಕಿದ.

ತನಿಖೆಯ ಅಂಕಿಗಳು ಚೆನ್ನಾಗಿವೆ. ಲೂಪ್ ಶುರುವಿನಲ್ಲಿ ಕನಿಷ್ಠ 350 ನಾಟ್ ಬೇಕಿತ್ತು, ಇದ್ದದ್ದು ಸುಮಾರು 310. ನೆತ್ತಿಯಲ್ಲಿ 3,500 ಅಡಿ ಇರಬೇಕಿತ್ತು, ಮುಟ್ಟಿದ್ದು ಸುಮಾರು 2,700. ವೇಗ ಕಡಿಮೆಯಾದದ್ದು 11 ಪ್ರತಿಶತ ಅಷ್ಟೇ. ಆದರೆ ಚಲನಶಕ್ತಿ ವೇಗದ ವರ್ಗದ ಅನುಪಾತದಲ್ಲಿ ಬದಲಾಗುತ್ತದೆ, ಆದ್ದರಿಂದ 21 ಪ್ರತಿಶತಕ್ಕೂ ಜಾಸ್ತಿ ಹೋಯಿತು. ಅದರ ಮೇಲೆ ಹತ್ತುವಾಗ ಎಂಜಿನ್ ಪೂರ್ತಿ ಬಲದಲ್ಲಿ ಇರಲಿಲ್ಲ. ನೆತ್ತಿಯಲ್ಲಿ ಎತ್ತರ ಸಾಲದಾಗ ಲೂಪ್ ಮುಗಿಸದೆ ಹೊರಳಿ ಹೊರಬರುವ ದಾರಿ ಇತ್ತು. ಅದನ್ನು ಬಳಸಲಿಲ್ಲ.

ಇದರ ನಂತರ ಬ್ರಿಟನ್ ಹಳೇ ಜೆಟ್‌ಗಳಿಗೆ ಭೂಭಾಗದ ಮೇಲಿನ ಆಕಾಶದಲ್ಲಿ ಲೂಪ್‌ನಂಥ ಕಸರತ್ತು ನಿಲ್ಲಿಸಿ, ನೇರ ಹಾರಾಟಕ್ಕೆ ಮಾತ್ರ ಅವಕಾಶ ಕೊಟ್ಟಿತು. ನಮ್ಮ ನೋಟ್ಸ್‌ಗೆ ಬೇಕಾದದ್ದು: ಕ್ರೌಡ್ ಲೈನ್ ಒಳಗಿನವರನ್ನು ಕಾಯುತ್ತದೆ. ಬೇಲಿಯಾಚೆ ಬೈಕ್ ನಿಲ್ಲಿಸಿ ಪುಕ್ಕಟೆ ನೋಡುವವರಿಗೆ ಯಾವ ಗೆರೆಯೂ ಇಲ್ಲ. ಸುಮ್ನೆ ಮನೆಗೆ ಹೋಗುತ್ತಿದ್ದವರಿಗಂತೂ ಅಲ್ಲಿ ಶೋ ನಡೆಯುತ್ತಿದೆ ಅನ್ನುವುದೇ ಗೊತ್ತಿರದಿರಬಹುದು.

ಹಳೇದು ಅಂದರೆ ಏನು ಬೇರೆ?

2011ರ ಸೆಪ್ಟೆಂಬರ್ 16ರಂದು ಅಮೆರಿಕದ ರೀನೋದಲ್ಲಿ ಎರಡನೇ ಮಹಾಯುದ್ಧ ಕಾಲದ ಪಿ-51 ಮಸ್ಟಾಂಗ್ ಪ್ರೇಕ್ಷಕರ ಕುರ್ಚಿಗಳ ನಡುವೆ ಬಿತ್ತು. ಪೈಲಟ್ ಸೇರಿ 11 ಸಾವು. ಅದು ರೇಸು, ಶೋ ಅಲ್ಲ. ಕಾರಣ ಒಂದು ನಟ್! ಬಾಲದ ಟ್ರಿಮ್ ಟ್ಯಾಬ್ (ಮೂತಿ ಏಳದಂತೆ, ಇಳಿಯದಂತೆ ಹದ ಮಾಡುವ ಪುಟ್ಟ ಪಟ್ಟಿ) ಹಿಡಿದಿದ್ದ ಲಾಕ್‌ನಟ್‌ಗಳು ಒಮ್ಮೆ ಬಳಸಿ ಬಿಸಾಡಬೇಕಾದವು. ಅವನ್ನೇ ಮತ್ತೆ ಹಾಕಿದ್ದರು. ಹಿಡಿತ ಸಡಿಲವಾಗಿ ಟ್ಯಾಬ್ ಪಟಪಟ ಅಲುಗಾಡಿ ಮುರಿಯಿತು. ವಿಮಾನ 17 ಜಿಗೂ ಜಾಸ್ತಿ ಎಳೆತದಲ್ಲಿ ಮೂತಿ ಎತ್ತಿತು, ಪೈಲಟ್‌ಗೆ ಏನೂ ಮಾಡಲಾಗಲಿಲ್ಲ.

ನೆಲದ ಮೇಲಿನ ಅಪಾಯಗಳನ್ನು ಬೇಗ ಮುಗಿಸುತ್ತೇನೆ. ಪಿಸ್ಟನ್ ಎಂಜಿನ್‌ನಲ್ಲಿ ಮ್ಯಾಗ್ನೆಟೊ ತಾನೇ ಕಿಡಿ ಹುಟ್ಟಿಸುತ್ತದೆ, ಬ್ಯಾಟರಿ ಬೇಡ. ಸ್ವಿಚ್ ಆಫ್ ಮಾಡಿದಾಗ ಆ ಕಿಡಿ ನಿಲ್ಲಿಸುವ ಅರ್ಥಿಂಗ್ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದಾಗ ಎಂಜಿನ್ ಹೊತ್ತಿಕೊಳ್ಳಬಹುದು. ಸೆಲ್ಫಿಗೆ ಪ್ರೊಪೆಲ್ಲರ್ ಹಿಡಿದು ನಿಲ್ಲುವವರಿಗೆ ಇದು ಗೊತ್ತಿರುವುದಿಲ್ಲ. ಬಾಲದ ಚಕ್ರದ ವಿಮಾನಗಳು (ಟೈಗರ್ ಮಾತ್, ಹಾರ್ವರ್ಡ್, ಡಕೋಟಾ) ನೆಲದ ಮೇಲೆ ಮೂತಿ ಎತ್ತಿಕೊಂಡಿರುತ್ತವೆ. ಪೈಲಟ್‌ಗೆ ಎದುರು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಸಣ್ಣ ವಿಮಾನಗಳು ಅಂಕುಡೊಂಕಾಗಿ ಸಾಗುತ್ತವೆ. ಹಳೇ ಜೆಟ್‌ಗಳ ಇಜೆಕ್ಷನ್ ಸೀಟ್‌ನಲ್ಲಿ (ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟು) ಸ್ಫೋಟಕ ಇರುತ್ತದೆ. ಬಿದ್ದ ವಿಮಾನದ ಹತ್ತಿರ ಓಡುವ ಅಗ್ನಿಶಾಮಕದವರಿಗೆ ಇದನ್ನು ಮೊದಲೇ ಹೇಳಿರಬೇಕು.

2022ರ ನವೆಂಬರ್ 12, ಡಲ್ಲಾಸ್: ಬಿ-17 ಬಾಂಬರ್ ಮತ್ತು ಪಿ-63 ಫೈಟರ್ ಡಿಕ್ಕಿ. ವಿಮಾನಗಳಲ್ಲಿದ್ದ ಆರೂ ಜನ ಸತ್ತರು, ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ. ಫೈಟರ್‌ಗಳಿಗೆ ಜನರಿಂದ 500 ಅಡಿ ದೂರದ ಶೋ ಲೈನ್, ಬಾಂಬರ್‌ಗಳಿಗೆ 1000 ಅಡಿ ದೂರದ ಶೋ ಲೈನ್ ಕೊಟ್ಟಿದ್ದರು. ಯಾರು ಯಾವ ಎತ್ತರದಲ್ಲಿ ಅನ್ನುವುದನ್ನು ಮೊದಲೇ ನಿಗದಿ ಮಾಡಿರಲಿಲ್ಲ. ಜನರ ಮಟ್ಟಿಗೆ ಗೆರೆ ಕೆಲಸ ಮಾಡಿತು.

ವಿಮಾನವೇ ಬೇಕಿಲ್ಲ

2024ರ ಅಕ್ಟೋಬರ್ 6ರಂದು ಚೆನ್ನೈ ಮರೀನಾದಲ್ಲಿ ವಾಯುಪಡೆಯ ಶೋ ನೋಡಲು ಬಂದವರಲ್ಲಿ ಐವರು ಸತ್ತರು. ಆಕಾಶದಿಂದ ಏನೂ ಬೀಳಲಿಲ್ಲ. ಸುಡು ಬಿಸಿಲು, ನೀರಿಗೆ ಪರದಾಟ, ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಟದ್ದು. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾದಲ್ಲಿ ಪಾರ್ಕಿಂಗ್‌ನ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟವು. ಪರೀಕ್ಷೆಯಲ್ಲಿ ಎಲ್ಲರೂ ಡಿಕ್ಕಿ, ಬೆಂಕಿ ಅಂತ ಬರೆದು ನೀರಿನ ಟ್ಯಾಂಕರ್, ನೆರಳು, ಹುಲ್ಲು ಕೊಯ್ಯಿಸುವುದು ಬಿಡುತ್ತಾರೆ. ನಮ್ಮ ಕಡೆ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಇದೇ ಮೊದಲ ಸಾಲಿಗೆ ಬರಬೇಕು.

ಅಭ್ಯಾಸಕ್ಕೆ: ಹುಬ್ಬಳ್ಳಿಯಲ್ಲಿ ಶೋ ಆದರೆ?

ಪೂರ್ತಿ ಕಾಲ್ಪನಿಕ. ವಾಯುಪಡೆಯ ವಿಂಟೇಜ್ ವಿಮಾನಗಳು, ಅಂದರೆ ಟೈಗರ್ ಮಾತ್, ಹಾರ್ವರ್ಡ್, ಪರಶುರಾಮ ಅನ್ನುವ ಹೆಸರಿನ ಡಕೋಟಾ, ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಬಂದಿವೆ ಅಂದುಕೊಳ್ಳಿ.

ಮೊದಲು ಟೈಗರ್ ಮಾತ್. 80 ನಾಟ್ ಅಂದರೆ ಸೆಕೆಂಡಿಗೆ 40 ಮೀಟರ್. 80 ಮೀಟರ್ ಎತ್ತರದಿಂದ ಚೂರು ಬೀಳಲು 4 ಸೆಕೆಂಡ್, ಎಟುಕುವುದು 160 ಮೀಟರ್. 500 ಅಡಿ ಅಂದರೆ 152. ನೇರ ಜನರ ಕಡೆ ಮುಖ ಮಾಡಿದರೆ ಇಲ್ಲೂ ಸಾಲದು, ನೋಡಿ. ಹಾರ್ವರ್ಡ್‌ಗೆ ನೀವೇ ಮಾಡಿ, 150 ನಾಟ್ ಹಿಡಿದುಕೊಳ್ಳಿ.

ಆಮೇಲೆ ನಕ್ಷೆ ತೆಗೆದು ಹೊರಗಿನವರನ್ನು ಗುರುತಿಸಿ. ಗೋಕುಲ ರಸ್ತೆಯ ಮಾಳಿಗೆಗಳು, ಕೈಗಾರಿಕಾ ಪ್ರದೇಶದ ಶೆಡ್‌ಗಳು, ಬೈಪಾಸ್‌ನಲ್ಲಿ ಗಾಡಿ ನಿಲ್ಲಿಸುವವರು, ನೃಪತುಂಗ ಬೆಟ್ಟ ಹತ್ತುವವರು. ಬೆಟ್ಟ ದೂರ ಇದೆ, ಅಲ್ಲಿ ಚಿಂತೆ ನೂಕುನುಗ್ಗಲಿನದು ಮಾತ್ರ. ಮಾಳಿಗೆಗಳದ್ದು ಹಾಗಲ್ಲ. ತಿರುವಿನ ಸ್ಪರ್ಶಕ ಯಾವ ಯಾವ ಮಾಳಿಗೆಯ ಮೇಲೆ ಹಾಯುತ್ತದೆ ಅಂತ ಪೆನ್ಸಿಲ್‌ನಲ್ಲಿ ಎಳೆಯಿರಿ. ಮನೆಯವರನ್ನು ಮಾಳಿಗೆಯಿಂದ ಇಳಿಸಲು ಪೊಲೀಸರಿಗೆ ಆಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ತಿರುವನ್ನೇ ಹೊಲಗಳಿರುವ ಬದಿಗೆ ಸರಿಸಿ. ಸರಿಸಲು ಜಾಗವಿಲ್ಲದಿದ್ದರೆ ಕಸರತ್ತು ಕೈಬಿಟ್ಟು, ರನ್‌ವೇ ಗುಂಟ ನೇರ ಹಾರಾಟ ಮಾತ್ರ ಅಂತ ಉತ್ತರ ಬರೆಯಿರಿ. ನಕ್ಷೆ, ಸ್ಪರ್ಶಕ, ಎಟುಕುವ ದೂರ ಮೂರೂ ಒಂದೇ ಚಿತ್ರದಲ್ಲಿ ಇರಲಿ.